ರಕ್ಷಣಾ ಕೆಲಸದ ಡ್ರಾಯಿಂಗ್, ಮೇಲ್ ಎಲ್ಲ ಸರ್ಕಾರಿ ಮಾನ್ಯತೆಯ ಕ್ಲೌಡ್‌ಗೆ ಒಯ್ಯಬೇಕು: ಬಲ್ಲವರು ಹೇಳ್ರಿ

ಪ್ರಶ್ನೆ, ಬಳ್ಳಾರಿ ಮುಂಡರಗಿ ಕೈಗಾರಿಕಾ ಪ್ರದೇಶದಿಂದ

ನಮ್ದು ಇಪ್ಪತ್ತು ಜನರ ಮಷಿನ್ ಶಾಪ್. ಬೆಂಗಳೂರಿನ ರಕ್ಷಣಾ ಕಾರ್ಖಾನೆಯೊಂದಕ್ಕೆ ಬ್ರ್ಯಾಕೆಟ್, ಹೌಸಿಂಗ್ ಮಾಡಿಕೊಡ್ತೀವಿ. ಈ ಸಲದ ಪರ್ಚೇಸ್ ಆರ್ಡರ್‌ನಲ್ಲಿ ಹೊಸ ಷರತ್ತು ಬಂದದೆ: ಡ್ರಾಯಿಂಗ್, ಮೇಲ್ ಎರಡೂ ಭಾರತದೊಳಗೇ ಇರುವ, ಮೈಟಿ (ಕೇಂದ್ರದ ಎಲೆಕ್ಟ್ರಾನಿಕ್ಸ್, ಐಟಿ ಸಚಿವಾಲಯ) ಎಂಪ್ಯಾನೆಲ್ ಮಾಡಿದ, ಅಂದ್ರೆ ತನ್ನ ಮಾನ್ಯತೆಯ ಪಟ್ಟಿಗೆ ಸೇರಿಸಿದ ಕ್ಲೌಡ್‌ನಲ್ಲಿರಬೇಕು, ಯಾರು ಯಾವಾಗ ತೆರೆದರು ಅನ್ನೋ ಲಾಗ್ ಕೇಳಿದಾಗ ಕೊಡಬೇಕು. ಈಗ ಆಫೀಸಿನ ನ್ಯಾಸ್‌ನಲ್ಲಿ (ಎಲ್ಲರೂ ಬಳಸೋ ನೆಟ್‌ವರ್ಕ್ ಡಿಸ್ಕ್ ಪೆಟ್ಟಿಗೆ) 600 ಜಿಬಿ ಅದೆ. ಮೇಲ್ ಸಾದಾ ವೆಬ್ ಹೋಸ್ಟಿಂಗ್‌ನದು. ಡೀಲರ್ ಒಬ್ಬ ‘ಜಿಸಿಸಿ ಹೈ ತಗೊಳ್ರಿ, ಡಿಫೆನ್ಸ್‌ನೋರಿಗೆ ಅದೇ ಬೇಕು’ ಅಂತಾನೆ. ಯಾವುದು ಮೊದಲು, ಯಾವುದು ಆಮೇಲೆ? ಎಲ್ಲಿ ಕೈಕೊಡ್ತದೆ?

ರಾಯಚೂರಿನಿಂದ

ಜಿಸಿಸಿ ಹೈ ಮಾತು ಇಲ್ಲಿಗೇ ಬಿಡ್ರಿ. ಅದು ಮೈಕ್ರೋಸಾಫ್ಟ್ ಅಮೆರಿಕದ ಸರ್ಕಾರ ಮತ್ತು ಅಲ್ಲಿನ ರಕ್ಷಣಾ ಗುತ್ತಿಗೆದಾರರಿಗೆ ಮಾಡಿದ್ದು. ಅರ್ಹತೆ ನೋಡಿಯೇ ಕೊಡ್ತಾರೆ, ಡೇಟಾ ಅಮೆರಿಕದ ನೆಲದಲ್ಲೇ ಇರ್ತದೆ. ನಿಮ್ಮ ಆರ್ಡರ್ ಭಾರತದೊಳಗೇ ಇರಬೇಕು ಅಂತದೆ, ಡೀಲರ್ ಮಾತು ಕೇಳಿದ್ರೆ ಷರತ್ತು ಮುರಿದಂಗೆ. ಅಮೆರಿಕದ ಕಂಪನಿಯ ಉಪಗುತ್ತಿಗೆ ಇದ್ದರೆ ಕಥೆ ಬೇರೆ. ಅಲ್ಲಿ ಸಿಎಂಎಂಸಿ (ಅವರ ರಕ್ಷಣಾ ಇಲಾಖೆಯ ಸೈಬರ್ ಭದ್ರತೆ ಪ್ರಮಾಣೀಕರಣ) ಎರಡನೇ ಹಂತಕ್ಕೆ ಎನ್‌ಐಎಸ್‌ಟಿ 800-171 ಅನ್ನೋ ಮಾನದಂಡದ 110 ನಿಯಮ ಪಾಲಿಸಬೇಕು. ಐಟಾರ್ (ಅಮೆರಿಕದ ಶಸ್ತ್ರಾಸ್ತ್ರ ರಫ್ತು ನಿಯಮ) ಅಡಿ ಬರುವ ಡ್ರಾಯಿಂಗ್ ನಿಮ್ಮ ಕೈಗೆ ಬರೋದಕ್ಕೇ ಅವರ ಸರ್ಕಾರದ ಅನುಮತಿ ಬೇಕು.

ಎಂಪ್ಯಾನೆಲ್‌ಮೆಂಟ್ ಪತ್ರ ಕೇಳುವಾಗ ಕಂಪನಿಯ ಹೆಸರಿಗೆ ಮಾರುಹೋಗಬ್ಯಾಡ್ರಿ. ಎಸ್‌ಟಿಕ್ಯೂಸಿ (ಮೈಟಿಯ ಗುಣಮಟ್ಟ ಪರೀಕ್ಷೆ ವಿಭಾಗ) ಆಡಿಟ್ ಯಾವ ಡೇಟಾ ಸೆಂಟರ್‌ಗೆ, ಯಾವ ಸೇವೆಗೆ ಆಗಿದೆ, ಅವಧಿ ಎಲ್ಲಿವರೆಗೆ ಅಂತ ಓದ್ರಿ. ನೀವು ಕೊಳ್ಳುವ ಸ್ಟೋರೇಜ್ ಆ ಪಟ್ಟಿಯಲ್ಲಿದ್ದು, ಅದೇ ಕಂಪನಿಯ ಮೇಲ್ ಸೇವೆ ಪಟ್ಟಿಯಲ್ಲಿ ಇಲ್ಲದಿರಬಹುದು. ಪತ್ರದ ಪ್ರತಿ ಗ್ರಾಹಕರ ಖರೀದಿ ವಿಭಾಗಕ್ಕೆ ಕಳಿಸಿ, ‘ಇದು ನಡೀತದೆ’ ಅಂತ ಬರಹದಲ್ಲಿ ತಗೊಂಡ ಮೇಲೇ ದುಡ್ಡು ಕಟ್ರಿ.

ಕೊಪ್ಪಳದಿಂದ

ಮೇಲಿನವರು ಹೇಳಿದ್ದು ಸರಿ. ಅದಕ್ಕೂ ಮೊದಲಿನ ಕೆಲಸ ಇನ್ನೊಂದಿದೆ: ಏನನ್ನು ಒಯ್ಯಬಾರದು ಅಂತ ತೀರ್ಮಾನಿಸುವುದು. 600 ಜಿಬಿಯನ್ನೂ ಎತ್ತಿ ಹಾಕಿದರೆ ಕೆಟ್ಟ ನ್ಯಾಸ್ ಒಂದು ಕೆಟ್ಟ ಕ್ಲೌಡ್ ಆಗುತ್ತೆ, ಅಷ್ಟೇ. ಡ್ರಾಯಿಂಗ್ ಮೇಲೆ ರಿಸ್ಟ್ರಿಕ್ಟೆಡ್, ಕಾನ್ಫಿಡೆನ್ಶಿಯಲ್, ಸೀಕ್ರೆಟ್ ಅಂತ ಮುದ್ರೆ ಇದ್ದರೆ ಅದು ಇಂಟರ್ನೆಟ್ ತಾಗಿದ ಯಾವ ಕಂಪ್ಯೂಟರ್‌ಗೂ ಹೋಗಬಾರದು. ಅದನ್ನು ಎಲ್ಲಿ ಇಡಬೇಕೆಂದರೂ ಗ್ರಾಹಕರ ಭದ್ರತಾ ಅಧಿಕಾರಿಯ ಲಿಖಿತ ಒಪ್ಪಿಗೆ ಬೇಕು. ಎಂಪ್ಯಾನೆಲ್ ಆದ ಕ್ಲೌಡ್ ಅಂದ ಮಾತ್ರಕ್ಕೆ ಅದಕ್ಕೆ ಪರವಾನಗಿ ಸಿಕ್ಕಂತಲ್ಲ. ಅಂಥವು ಬೀರುವಿನಲ್ಲಿ ಬೀಗ ಹಾಕಿದ, ನೆಟ್‌ವರ್ಕ್ ಕೇಬಲ್ ಇಲ್ಲದ ಒಂದು ಪಿಸಿಯಲ್ಲಿರಲಿ. ಡ್ರಾಯಿಂಗ್‌ನಿಂದ ತೆಗೆದ ಜಿ-ಕೋಡ್ (ಸಿಎನ್‌ಸಿ ಮಷಿನ್‌ಗೆ ಕೊಡುವ ಪ್ರೋಗ್ರಾಂ), ಇನ್ಸ್‌ಪೆಕ್ಷನ್ ಶೀಟ್, ಶಾಪ್‌ಫ್ಲೋರ್‌ನಲ್ಲಿ ಮೊಬೈಲ್‌ನಿಂದ ತೆಗೆದ ಫೋಟೋ ಇವೆಲ್ಲ ಆ ಡ್ರಾಯಿಂಗ್‌ನ ಮಕ್ಕಳೇ. ಅವಕ್ಕೂ ಅದೇ ನಿಯಮ. ಫೋಟೋಗಳು ವಾಟ್ಸಾಪ್ ಗುಂಪಿನಲ್ಲಿ ಕೂತಿರುವುದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಉಳಿದದ್ದನ್ನು ಮೂರು ಗುಂಪು ಮಾಡಿ: ಚಾಲ್ತಿ ಜಾಬ್, ಮುಗಿದ ಜಾಬ್, ಲೆಕ್ಕಪತ್ರ. ಟ್ಯಾಲಿ ಡೇಟಾ ಫೋಲ್ಡರನ್ನು ಸಿಂಕ್ ಆಗುವ (ತಾನೇ ಕ್ಲೌಡ್‌ಗೆ ನಕಲಾಗುವ) ಫೋಲ್ಡರ್ ಒಳಗೆ ಯಾವ ಕಾರಣಕ್ಕೂ ಇಡಬೇಡಿ. ಟ್ಯಾಲಿ ಬರೆಯುತ್ತಿರುವಾಗಲೇ ಸಿಂಕ್ ಪ್ರೋಗ್ರಾಂ ಆ ಫೈಲ್ ಎತ್ತಿಕೊಂಡರೆ ಕಂಪನಿ ಡೇಟಾ ಕೆಡುತ್ತದೆ. ಟ್ಯಾಲಿ ಲೋಕಲ್‌ನಲ್ಲೇ ಇರಲಿ, ದಿನದ ಕೊನೆಗೆ ತೆಗೆದ ಬ್ಯಾಕಪ್ ಫೈಲ್ ಮಾತ್ರ ಮೇಲೆ ಹೋಗಲಿ.

ಸಾಲಿಡ್‌ವರ್ಕ್ಸ್ ಅಸೆಂಬ್ಲಿ, ಆಟೋಕ್ಯಾಡ್ ಎಕ್ಸ್‌ರೆಫ್ (ಒಂದು ಡ್ರಾಯಿಂಗ್ ಒಳಗೆ ಲಿಂಕ್ ಆದ ಇನ್ನೊಂದು ಡ್ರಾಯಿಂಗ್) ಇದ್ದರೆ ಒಯ್ಯುವ ಮೊದಲೇ ಫೈಲ್ ಎಲ್ಲಿದೆ ಅಂತ ಹೇಳುವ ದಾರಿ (ಪಾತ್) ಸರಿಮಾಡಿಕೊಳ್ಳಿ. ‘ಝಡ್ ಡ್ರೈವ್’ ಅಂತ ನಿಂತಿರುವ ಲಿಂಕ್‌ಗಳು ಹೊಸ ಜಾಗದಲ್ಲಿ ಒಡೆಯುತ್ತವೆ: ಅಸೆಂಬ್ಲಿ ತೆರೆದರೆ ಭಾಗಗಳೇ ಕಾಣುವುದಿಲ್ಲ. ಎಕ್ಸ್‌ರೆಫ್‌ಗಳನ್ನು ರಿಲೇಟಿವ್ ಪಾತ್‌ಗೆ ಬದಲಿಸಿ, ಸಾಲಿಡ್‌ವರ್ಕ್ಸ್‌ನಲ್ಲಿ ಅಸೆಂಬ್ಲಿಯನ್ನು ಭಾಗಗಳ ಸಮೇತ ಕಟ್ಟಿಕೊಡುವ ಪ್ಯಾಕ್ ಆಂಡ್ ಗೋ ಬಳಸಿ. ಗ್ರಾಹಕರ ಹೆಸರು, ವರ್ಷ, ಪ್ರಾಜೆಕ್ಟ್, ಪಾರ್ಟ್, ರಿವಿಷನ್ ಅಂತ ಫೋಲ್ಡರೊಳಗೆ ಫೋಲ್ಡರ್ ಇಟ್ಟವರಿಗೆ ವಿಂಡೋಸ್‌ನ 260 ಅಕ್ಷರದ ಮಿತಿ ತಡೆಯುತ್ತದೆ. ಮೊದಲು ಹೆಸರು ಚಿಕ್ಕದು ಮಾಡಿ.

ನಕಲಿಗೆ ವಿಂಡೋಸ್‌ನಲ್ಲೇ ಇರುವ ರೋಬೋಕಾಪಿ ಆಜ್ಞೆ ಸಾಕು. ನಡುವೆ ನಿಂತರೆ ಅಲ್ಲಿಂದಲೇ ಮುಂದುವರಿಸುವ ಝಡ್ ಸ್ವಿಚ್, ಜೊತೆಗೆ ಲಾಗ್ ಸ್ವಿಚ್ ಹಾಕಿ. ಮಿರರ್ ಸ್ವಿಚ್ ಬಗ್ಗೆ ಹುಷಾರು: ಮೂಲದಲ್ಲಿ ಇಲ್ಲದ್ದನ್ನೆಲ್ಲ ಅದು ಗುರಿಯಲ್ಲಿ ಅಳಿಸುತ್ತದೆ. ಎರಡು ದಾರಿಗಳನ್ನು ಅದಲು ಬದಲು ಬರೆದರೆ ನ್ಯಾಸ್ ಖಾಲಿ. 50 ಎಂಬಿಪಿಎಸ್ ಅಪ್‌ಲೋಡ್‌ನಲ್ಲಿ 600 ಜಿಬಿಗೆ ಲೆಕ್ಕದ ಪ್ರಕಾರ ಸುಮಾರು 27 ತಾಸು. ಸಣ್ಣ ಫೈಲುಗಳು ಸಾವಿರಾರು ಇದ್ದರೆ ಅದರ ಎರಡರಷ್ಟು ಅಂದುಕೊಳ್ಳಿ. ಪ್ಲಾನ್‌ನಲ್ಲಿ ಅಪ್‌ಲೋಡ್ ವೇಗ ಎಷ್ಟೆಂದು ಬೇರೆಯಾಗಿ ಕೇಳಿ, ಜಾಹೀರಾತಿನಲ್ಲಿ ಕಾಣುವುದು ಡೌನ್‌ಲೋಡ್. ವಿದ್ಯುತ್ ವ್ಯತ್ಯಯ ಅಂತ ಜೆಸ್ಕಾಂ ಪ್ರಕಟಣೆ ಬಂದ ದಿನ ಬಿಟ್ಟು ಶುರುಮಾಡಿ. ಮೊದಲ ನಕಲು ವಾರದ ರಾತ್ರಿಗಳಲ್ಲಿ, ಬದಲಾದದ್ದು ಮಾತ್ರ ಭಾನುವಾರ, ಆಮೇಲೆ ನ್ಯಾಸನ್ನು ಓದಲು ಮಾತ್ರ ಅಂತ ಬೀಗ ಹಾಕುವುದು. ಎರಡೂ ಕಡೆ ಎಸ್‌ಎಚ್‌ಎ-256 (ಫೈಲ್‌ನ ಬೆರಳಚ್ಚಿನಂಥ ಸಂಕೇತ) ತಾಳೆ ನೋಡದೆ ‘ಎಲ್ಲ ಬಂತು’ ಅನ್ನಬೇಡಿ.

ಬಳ್ಳಾರಿಯಿಂದ, ಮೇಲ್ ಬಗ್ಗೆ

ಬದಲಿಸೋ ಎರಡು ದಿನ ಮುಂಚೆ ಡಿಎನ್‌ಎಸ್‌ನಲ್ಲಿ ಎಂಎಕ್ಸ್ ರೆಕಾರ್ಡ್‌ನ (ಮೇಲ್ ಯಾವ ಸರ್ವರ್‌ಗೆ ಹೋಗಬೇಕು ಅಂತ ಹೇಳೋದು) ಟಿಟಿಎಲ್, ಅಂದ್ರೆ ಹಳೇ ಉತ್ತರ ನೆನಪಿಟ್ಟುಕೊಳ್ಳೋ ಅವಧಿ, 300 ಸೆಕೆಂಡ್‌ಗೆ ಇಳಿಸ್ರಿ. ಶನಿವಾರ ಸಂಜೆ ತಿರುಗಿಸಿದ್ರೆ ಸೋಮವಾರದೊಳಗೆ ಎಲ್ಲ ಹೊಸ ಕಡೆ ಬೀಳ್ತದೆ. ಎಸ್‌ಪಿಎಫ್ ರೆಕಾರ್ಡ್ (ನಿಮ್ಮ ಹೆಸರಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದು ಅನ್ನೋ ಪಟ್ಟಿ) ಒಂದೇ ಇರಬೇಕು. ಹಳೇದನ್ನ ತೆಗೀದೇ ಹೊಸದು ಸೇರಿಸಿದ್ರೆ ಎರಡೂ ಕೆಲಸಕ್ಕೆ ಬರಲ್ಲ, ನಿಮ್ಮ ಕೊಟೇಶನ್ ಗ್ರಾಹಕರ ಸ್ಪ್ಯಾಮ್‌ನಲ್ಲಿ ಕೂರ್ತದೆ. ಡಿಕಿಮ್ (ಮೇಲ್‌ನ ಡಿಜಿಟಲ್ ಸಹಿ) ಹಾಕಿ, ಡಿಮಾರ್ಕ್ (ಪರೀಕ್ಷೆ ಸೋತ ಮೇಲ್‌ಗೆ ಏನು ಮಾಡಬೇಕು ಅನ್ನೋ ನಿಯಮ) ಮೊದಲು ‘ನನ್’ ಅಂತ ಇಟ್ಟು ವರದಿ ನೋಡಿ, ಎಲ್ಲ ಸರಿ ಅನಿಸಿದ ಮೇಲೆ ‘ಕ್ವಾರಂಟೈನ್’ಗೆ ಒಯ್ರಿ.

ಜೆಮ್ ಪೋರ್ಟಲ್ (ಸರ್ಕಾರಿ ಖರೀದಿ ತಾಣ), ಇ-ಟೆಂಡರ್, ಜಿಎಸ್‌ಟಿ, ಉದ್ಯಮ್ ಎಲ್ಲದರ ಒಟಿಪಿ ಯಾವ ಮೇಲ್‌ಗೆ ಬರ್ತದೆ ಅಂತ ಮೊದಲೇ ಪಟ್ಟಿ ಮಾಡ್ರಿ. ಹಳೇ ವಿಳಾಸಗಳನ್ನ ಹೊಸ ಕಡೆ ಅಲಿಯಾಸ್ ಆಗಿ ಉಳಿಸ್ರಿ. ಡಿಜಿಟಲ್ ಸಹಿ ಹಾಕೋ ಡಿಎಸ್‌ಸಿ ಟೋಕನ್ ಯುಎಸ್‌ಬಿಗೆ ಚುಚ್ಚೋದು. ಕ್ಲೌಡ್ ಡೆಸ್ಕ್‌ಟಾಪ್‌ನಲ್ಲಿ ಅದು ಕಾಣದೇ ಟೆಂಡರ್‌ನ ಕೊನೇ ತಾಸಿನಲ್ಲಿ ಪೇಚಾಟ. ಟೆಂಡರ್‌ಗೆ ಅಂತ ಒಂದು ಲೋಕಲ್ ಪಿಸಿ ಇಟ್ಕೊಳ್ರಿ.

ಸ್ಕ್ಯಾನ್ ಮಾಡಿ ಮೇಲ್ ಮಾಡೋ ಹಳೇ ಜೆರಾಕ್ಸ್ ಮಷಿನ್‌ಗೆ ಎರಡನೇ ಹಂತದ ದೃಢೀಕರಣ ಗೊತ್ತಾಗಲ್ಲ. ಅದನ್ನ ಫೋಲ್ಡರ್‌ಗೆ ಸ್ಕ್ಯಾನ್ ಮಾಡೋಹಂಗ ಬದಲಿಸ್ರಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಶರಣು. ಇನ್ನೆರಡು ಅವ. ಸಿಎನ್‌ಸಿಗೆ ಪ್ರೋಗ್ರಾಂ ಕಳಿಸೋ ಪಿಸಿ ಇನ್ನೂ ವಿಂಡೋಸ್ 7. ಮತ್ತೆ, ಫ್ಯಾಕ್ಟರಿಯ ಸ್ಟ್ಯಾಟಿಕ್ ಐಪಿಯಿಂದ ಮಾತ್ರ ಲಾಗಿನ್ ಅಂತ ಇಟ್ಟರೆ ಸಾಕಾ?

ಕೊಪ್ಪಳದಿಂದ

ಆ ಪಿಸಿಯನ್ನು ಕ್ಲೌಡ್‌ಗೆ ಸೇರಿಸಲೇಬೇಡಿ. ಅದಕ್ಕೆ ಬೇರೆ ವಿಎಲ್ಯಾನ್ (ಪ್ರತ್ಯೇಕಿಸಿದ ನೆಟ್‌ವರ್ಕ್), ಇಂಟರ್ನೆಟ್ ಇಲ್ಲ. ನಡುವೆ ಹೊಸ ವಿಂಡೋಸ್‌ನ ಒಂದು ಪಿಸಿ ಕ್ಲೌಡ್‌ನಿಂದ ಮುದ್ರೆ ಇಲ್ಲದ ಜಾಬ್‌ನ ಜಿ-ಕೋಡ್ ಇಳಿಸಿ ಒಂದು ಫೋಲ್ಡರ್‌ನಲ್ಲಿ ಇಡಲಿ. ಹಳೆಯ ಪಿಸಿ ಅದನ್ನಷ್ಟೇ ಓದಲಿ. ಜಾಬ್ ಮುಗಿದ ಮೇಲೆ ಕಂಟ್ರೋಲರ್ ಮೆಮೊರಿಯಲ್ಲಿ ಪ್ರೋಗ್ರಾಂ ಉಳಿದಿರುತ್ತದೆ, ಅದನ್ನೂ ಅಳಿಸಿ. ಆಪರೇಟರ್‌ಗಳೆಲ್ಲ ‘ಶಾಪ್1’ ಅನ್ನುವ ಒಂದೇ ಲಾಗಿನ್ ಬಳಸಿದರೆ ಲಾಗ್ ಇದ್ದೂ ಇಲ್ಲದಂತೆ; ಮೊಬೈಲ್ ಒಳಗೆ ಬಿಡದ ಕಡೆ ಯುಎಸ್‌ಬಿ ಸೆಕ್ಯುರಿಟಿ ಕೀ ಕೊಡಿ.

ಸ್ಟ್ಯಾಟಿಕ್ ಐಪಿ ಒಂದನ್ನೇ ನಂಬಿದರೆ ಆಗುವುದು ಇದು: ರಸ್ತೆ ಅಗೆದು ಫೈಬರ್ ಕತ್ತರಿಸುತ್ತದೆ, ನೆಟ್ 5ಜಿ ರೂಟರ್‌ಗೆ ಹಾರುತ್ತದೆ, ಅದರ ಐಪಿ ನೂರಾರು ಜನ ಹಂಚಿಕೊಂಡಿದ್ದು, ಪಟ್ಟಿಯಲ್ಲಿ ಇಲ್ಲ. ಅಡ್ಮಿನ್ ಸೇರಿ ಎಲ್ಲರೂ ಹೊರಗೆ. ಐಪಿಯ ಬದಲು ಕಂಪ್ಯೂಟರಿನ ಸರ್ಟಿಫಿಕೇಟ್ ನೋಡಿ ಬಿಡುವಂತೆ ಮಾಡಿ. ತುರ್ತು ಅಡ್ಮಿನ್ ಖಾತೆ ಎರಡು ಇರಲಿ, ಪಾಸ್‌ವರ್ಡ್ ಲಕೋಟೆಯಲ್ಲಿ ತಿಜೋರಿಗೆ.

ರಾಯಚೂರಿನಿಂದ

ಲಾಗ್ ವಿಷಯ ಒಂದು ಉಳೀತು. ಸರ್ಟ್-ಇನ್ (ಸೈಬರ್ ದಾಳಿ ನೋಡಿಕೊಳ್ಳೋ ಕೇಂದ್ರ ಸಂಸ್ಥೆ) 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ ಲಾಗ್ 180 ದಿನ ಭಾರತದೊಳಗೇ ಇರಬೇಕು, ಸೈಬರ್ ಘಟನೆ ಗಮನಕ್ಕೆ ಬಂದ 6 ತಾಸಿನೊಳಗೆ ವರದಿ ಆಗಬೇಕು, ಗಡಿಯಾರ ಎನ್‌ಐಸಿ ಅಥವಾ ಎನ್‌ಪಿಎಲ್ ಸಮಯಕ್ಕೆ ಹೊಂದಿರಬೇಕು. ಸಣ್ಣ ಉದ್ಯಮಕ್ಕೆ 2022ರ ಸೆಪ್ಟೆಂಬರ್ 25ರವರೆಗೆ ಕಾಲಾವಕಾಶ ಇತ್ತು, ಈಗ ಆ ನೆಪ ಇಲ್ಲ. ಕ್ಲೌಡ್‌ನೋರು ಸುಮ್ನೆ ಕೊಡೋ ಅವಧಿ ಕಡಿಮೆ ಇರಬಹುದು. ಅಮೆಜಾನ್‌ನ ಎಡಬ್ಲ್ಯೂಎಸ್ ಕ್ಲೌಡ್‌ನಲ್ಲಿ ಲಾಗ್ ಇಡೋ ಕ್ಲೌಡ್‌ಟ್ರೇಲ್‌ನ ಇವೆಂಟ್ ಹಿಸ್ಟರಿ 90 ದಿನಾನೇ. ಅದರ ಮುಂಬೈ ಅಥವಾ ಹೈದರಾಬಾದ್ ರೀಜನ್‌ನ ಬಕೆಟ್‌ಗೆ (ಸ್ಟೋರೇಜ್ ಜಾಗ) ಲಾಗ್ ಬರೆಯೋಹಂಗ ಮೊದಲ ದಿನಾನೇ ಹೊಂದಿಸ್ರಿ, ಹೋದ ಲಾಗ್ ಆಮೇಲೆ ಸಿಗಲ್ಲ. ಸಿಸಿಟಿವಿ ಡಿವಿಆರ್ ಗಡಿಯಾರಾನೂ ನೋಡ್ರಿ, ಬಹಳ ಕಡೆ ಅದು ಹತ್ತು ನಿಮಿಷ ಹಿಂದೆ ಓಡ್ತಿರ್ತದೆ.

ನ್ಯಾಸ್ ಡಿಸ್ಕ್‌ಗಳನ್ನ ಗುಜರಿಗೆ ಹಾಕಬ್ಯಾಡ್ರಿ. ಒಂದು ಪೂರ್ತಿ ನಕಲು ಬಿಟ್‌ಲಾಕರ್ (ವಿಂಡೋಸ್‌ನ ಎನ್‌ಕ್ರಿಪ್ಷನ್ ಬೀಗ) ಹಾಕಿದ ಡಿಸ್ಕ್‌ನಲ್ಲಿ ಇಟ್ಟು, ಒಂದು ಪೂರ್ತಿ ಜಾಬ್ ಹೊಸ ಕಡೆಯಿಂದಲೇ ಡಿಸ್ಪ್ಯಾಚ್ ಆದ ಮೇಲೆ ಹಳೇ ಡಿಸ್ಕ್ ಪೂರ್ತಿ ಓವರ್‌ರೈಟ್ ಮಾಡ್ರಿ. ಬರೀ ಕ್ವಿಕ್ ಫಾರ್ಮ್ಯಾಟ್ ಮಾಡಿದ್ರೆ ಡ್ರಾಯಿಂಗ್ ಮತ್ತೆ ತೆಗೀಬಹುದು. ಡಿಸ್ಕ್‌ನ ಸೀರಿಯಲ್ ನಂಬರ್, ತಾರೀಕು, ಮಾಡಿದವರ ಸಹಿ ಒಂದು ರಿಜಿಸ್ಟರ್‌ನಲ್ಲಿರಲಿ. ಆಡಿಟ್‌ಗೆ ಬಂದವರು ಅದನ್ನ ಕೇಳ್ತಾರ.