ಬಿದರಿ ಆಭರಣಗಳ ಚಿತ್ರ ತೆಗೆಯಲು ಮನೆಯಲ್ಲೇ ಬೆಳಕಿನ ಪೆಟ್ಟಿಗೆ

ಪ್ರಶ್ನೆ (ಬೀದರ್):
ನಮಸ್ಕಾರ. ನಮ್ಮ ಮನೆಯಲ್ಲಿ ತಯಾರಾಗುವ ಬಿದರಿ (ಕಪ್ಪು ಲೋಹದಲ್ಲಿ ಬೆಳ್ಳಿಯ ಎಳೆ ಕೂರಿಸಿದ) ಪದಕ, ಕಿವಿಯೋಲೆಗಳ ಚಿತ್ರವನ್ನು ಮೊಬೈಲಿನಲ್ಲಿ ತೆಗೆಯಲು, ರಟ್ಟಿನ ಪೆಟ್ಟಿಗೆಯ ಎರಡು ಬದಿಗಳನ್ನು ಕತ್ತರಿಸಿ, ಅಲ್ಲಿ ತೆಳು ಬಿಳಿ ಬಟ್ಟೆ ಅಂಟಿಸಿ, ಹೊರಗಿನಿಂದ ಎರಡು ಎಲ್‌ಇಡಿ ಬಲ್ಬುಗಳನ್ನು ಇಟ್ಟಿದ್ದೇನೆ. ಆದರೂ ಬೆಳ್ಳಿಯ ಎಳೆಗಳ ಮೇಲೆ ನನ್ನ ಕೆಂಪು ಅಂಗಿಯ ಬಣ್ಣ ಮೂಡುತ್ತದೆ. ಕಪ್ಪು ಭಾಗವಂತೂ ಬರೀ ಮಸಿಯಂತೆ ಕಾಣುತ್ತದೆ. ಪರಿಹಾರ ತಿಳಿಸಿ.

ಉತ್ತರ (ಕಲಬುರಗಿ):
ಉಜ್ಜಿದ ಬೆಳ್ಳಿಯು ಕನ್ನಡಿಯಂತೆ ತನ್ನ ಎದುರಿಗಿರುವುದನ್ನೇ ತೋರಿಸುವುದರಿಂದ, ಬಲ್ಬು ಹೆಚ್ಚಿಸಿದರೆ ಪ್ರಯೋಜನವಿಲ್ಲ. ಪೆಟ್ಟಿಗೆಯ ಮುಂಭಾಗವನ್ನೂ ಬಿಳಿ ಡ್ರಾಯಿಂಗ್ ಹಾಳೆಯಿಂದ ಮುಚ್ಚಿ, ಮೊಬೈಲಿನ ಮಸೂರದಷ್ಟೇ ರಂಧ್ರ ಮಾಡಿ ಅದರ ಮೂಲಕ ಚಿತ್ರ ತೆಗೆಯಿರಿ. ಕೋಣೆಯ ಟ್ಯೂಬ್‌ಲೈಟ್ ಆರಿಸಿರಿ. ಎರಡು ಬಗೆಯ ಬೆಳಕು ಬೆರೆತರೆ ಬಣ್ಣ ಕೆಡುತ್ತದೆ.

ಉತ್ತರ (ಹುಮನಾಬಾದ್):
ನೀವು ಬಿಳಿ ಹಾಸು ಬಳಸಿರಬಹುದು. ಚೌಕಟ್ಟಿನ ತುಂಬ ಬಿಳಿಯೇ ಇದ್ದಾಗ ಕ್ಯಾಮೆರಾ ತಾನಾಗಿ ಚಿತ್ರವನ್ನು ಮಬ್ಬಾಗಿಸುತ್ತದೆ, ಆಗ ಬಿದರಿಯ ಕಪ್ಪು ಇನ್ನಷ್ಟು ಮುಳುಗುತ್ತದೆ. ತಿಳಿಬೂದು ಚಾರ್ಟ್ ಹಾಳೆಯನ್ನು ಹಿಂಬದಿಯಿಂದ ತಳದವರೆಗೆ ಮಡಿಕೆಯಿಲ್ಲದಂತೆ ಬಾಗಿಸಿ ಹಾಸಿರಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಳೆ ಮುಚ್ಚಿದ ಮೇಲೆ ಪದಕದ ಹೂಬಳ್ಳಿಯ ಒಂದೊಂದು ಎಳೆಯೂ ಬೆಳ್ಳಗೆ ಎದ್ದು ಬಂದಿದೆ. ರಂಧ್ರದ ಕಪ್ಪು ಚುಕ್ಕೆ ಮಾತ್ರ ನಡುವೆ ಕಾಣುತ್ತಿತ್ತು. ಪದಕವನ್ನು ತುಸು ಓರೆಯಾಗಿಸಿದಾಗ ಅದೂ ಮರೆಯಾಯಿತು.