ಐಪ್ಯಾಡ್‌ನಲ್ಲಿ ಕಡುನೀಲಿ, ಪ್ರಿಂಟ್‌ನಲ್ಲಿ ನೇರಳೆ, ಒತ್ತಕ್ಷರವೂ ಒಡೆಯುತ್ತಿದೆ. ಫೈಲ್ ಹೇಗೆ ಸಿದ್ಧ ಮಾಡಬೇಕು?

ನೀಲಿಕುಂಚ:
ನಮಸ್ಕಾರ. ಬೆಂಗಳೂರು ಕಾಮಿಕ್ ಕಾನ್ ಸ್ಟಾಲ್‌ಗಾಗಿ ಎ3 ಪ್ರಿಂಟ್ ಮಾಡಿಸಬೇಕು. ಐಪ್ಯಾಡ್‌ನ ಪ್ರೊಕ್ರಿಯೇಟ್ ಆ್ಯಪ್‌ನಲ್ಲಿ ಬಿಡಿಸಿದ ಚಿತ್ರ: 3508×4961 ಪಿಕ್ಸೆಲ್, 300 ಡಿಪಿಐ (ಇಂಚಿಗೆ 300 ಚುಕ್ಕೆ), ಬಣ್ಣದ ಪ್ರೊಫೈಲ್ ಡಿಸ್‌ಪ್ಲೇ ಪಿ3 (ಪರದೆಯಲ್ಲಿ ಹೆಚ್ಚು ಗಾಢ ಬಣ್ಣ ತೋರಿಸುವ ಪದ್ಧತಿ). ರಾತ್ರಿಯ ಆಕಾಶದ ನೀಲಿ ಸ್ಯಾಂಪಲ್ ಪ್ರಿಂಟ್‌ನಲ್ಲಿ ನೇರಳೆಯಾಗಿದೆ, ಮಿಂಚುಹುಳದ ಹಸಿರು ಸತ್ತುಹೋಗಿದೆ. ಮೇಲಿರುವ ‘ಕಾರ್ತಿಕ ರಾತ್ರಿ’ ಎಂಬ ಹೆಸರನ್ನು ಪ್ರೆಸ್‌ನವರು ತಮ್ಮ ಕಂಪ್ಯೂಟರಿನಲ್ಲಿ ಮತ್ತೆ ಟೈಪ್ ಮಾಡಿದಾಗ ಒತ್ತುಗಳೆಲ್ಲ ಬಿಡಿಬಿಡಿಯಾದವು. ಮೊದಲಿಂದಲೇ ಸಿಎಂವೈಕೆ (ಅಚ್ಚಿನ ನಾಲ್ಕು ಶಾಯಿಗಳ ಬಣ್ಣ ಪದ್ಧತಿ) ಕ್ಯಾನ್ವಾಸ್ ತೆಗೆದುಕೊಳ್ಳಬೇಕಿತ್ತೇ? ಇದೇ ಚಿತ್ರ ಇನ್‌ಸ್ಟಾಗ್ರಾಂಗೂ ಹೋಗಬೇಕು.

ಶಾಯಿಪೆಟ್ಟಿಗೆ:
ನೀಲಿಯದು ಎಲ್ಲರಿಗೂ ಬರುವ ತೊಂದರೆ. ಪರದೆಯ ನೀಲಿ ಬೆಳಕು. ಕಾಗದದ ಮೇಲೆ ಅದೇ ನೀಲಿ ಬರಬೇಕಾದರೆ ಸಯಾನ್ (ಹಸಿರು ಬೆರೆತ ನೀಲಿ) ಮತ್ತು ಮಜೆಂಟಾ (ಕಡು ಗುಲಾಬಿ) ಶಾಯಿ ಒಂದರ ಮೇಲೊಂದು ಕೂರಬೇಕು. ಎರಡೂ ಶೇಕಡಾ 100ರ ಹತ್ತಿರ ಬಂದರೆ ಮಜೆಂಟಾ ಗೆದ್ದು ನೇರಳೆ ಕಾಣುತ್ತದೆ. ಸಯಾನ್‌ಗಿಂತ ಮಜೆಂಟಾ ಕಡಿಮೆಯೆಂದರೂ 30 ಅಂಕ ಕೆಳಗಿರಲಿ. ನಿಮ್ಮ ಆಕಾಶಕ್ಕೆ ಸಯಾನ್ 100, ಮಜೆಂಟಾ 70, ಹಳದಿ 10, ಕಪ್ಪು 40 ಹಾಕಿ ನೋಡಿ. ಒಟ್ಟು 220 ಆಗುತ್ತದೆ. ಒಟ್ಟು ಶಾಯಿ 300 ದಾಟಿದರೆ ಒಣಗುವುದು ತಡ, ಹಾಳೆಯಿಂದ ಹಾಳೆಗೆ ಅಂಟುತ್ತದೆ.

ಮಿಂಚುಹುಳದ ಹಸಿರು ನಾಲ್ಕು ಶಾಯಿಯಲ್ಲಿ ಸಿಗುವುದೇ ಇಲ್ಲ. ಸಯಾನ್ 60, ಹಳದಿ 100ರ ಆಸುಪಾಸು ಹೋಗಿ, ಅದರಲ್ಲಿ ಮಜೆಂಟಾ ಮತ್ತು ಕಪ್ಪು ಸೊನ್ನೆ ಇರಲಿ. ಹೊಳಪು ಬರಬೇಕಾದದ್ದು ಸುತ್ತಲ ಕತ್ತಲಿಂದ: ಹುಳದ ಪಕ್ಕದ ಎಲೆಗಳನ್ನು ಇನ್ನೂ ಎರಡು ಹಂತ ಕಪ್ಪಾಗಿಸಿ, ನಡುಮಧ್ಯದಲ್ಲಿ ಕಾಗದದ ಬಿಳಿಯನ್ನೇ ಒಂದು ಚುಕ್ಕೆ ಬಿಡಿ.

ಈ ತಿದ್ದುಪಡಿಗೆ ಕ್ರಿಟಾ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರ್ ಸಾಕು, ಉಚಿತ. ಪ್ರೊಕ್ರಿಯೇಟ್‌ನಿಂದ ಪಿಎಸ್‌ಡಿ (ಪದರಗಳಿರುವ ಫೈಲ್) ತೆಗೆದು ಕ್ರಿಟಾದಲ್ಲಿ ತೆರೆಯಿರಿ. ಪ್ರೆಸ್‌ನವರ ಹತ್ತಿರ ಐಸಿಸಿ ಪ್ರೊಫೈಲ್ (ಅವರ ಅಚ್ಚಿನಲ್ಲಿ ಬಣ್ಣ ಹೇಗೆ ಬರುತ್ತದೆಂದು ಹೇಳುವ ಫೈಲ್) ಕೇಳಿ ತನ್ನಿ. ಇಲ್ಲವೆಂದರೆ ಆಫ್‌ಸೆಟ್ ಮುದ್ರಣದ ಸಾಮಾನ್ಯ ಪ್ರೊಫೈಲ್ ಆದ ಫೋಗ್ರಾ39 ಇಟ್ಟುಕೊಂಡು ಅಂದಾಜು ಮಾಡಬಹುದು. ಕಂಟ್ರೋಲ್+ವೈ ಒತ್ತಿದರೆ ಸಾಫ್ಟ್ ಪ್ರೂಫ್, ಅಂದರೆ ಪ್ರಿಂಟ್ ಹೇಗೆ ಬರಬಹುದೆಂಬ ನೋಟ. ಕಂಟ್ರೋಲ್+ಶಿಫ್ಟ್+ವೈ ಒತ್ತಿದರೆ ಶಾಯಿಗೆ ಸಿಗದ ಬಣ್ಣಗಳಿರುವ ಜಾಗ ಎದ್ದು ಕಾಣುತ್ತದೆ. ಆ ಜಾಗಗಳನ್ನು ಮಾತ್ರ ತಿದ್ದಿ, ಇಡೀ ಚಿತ್ರದ ಸ್ಯಾಚುರೇಶನ್ (ಬಣ್ಣದ ತೀವ್ರತೆ) ಇಳಿಸಬೇಡಿ.

ಮೊದಲಿಂದಲೇ ಸಿಎಂವೈಕೆಯಲ್ಲಿ ಬಿಡಿಸುವುದು ನನ್ನ ಮಟ್ಟಿಗೆ ಒಳ್ಳೆಯ ಅಭ್ಯಾಸ. ಸಿಗದ ಬಣ್ಣದ ಆಸೆಯೇ ಹುಟ್ಟುವುದಿಲ್ಲ.

ಪದರಪದರ:
ಶಾಯಿಪೆಟ್ಟಿಗೆಯವರ ಕೊನೆಯ ಮಾತು ಒಪ್ಪುವುದಿಲ್ಲ. ಪ್ರೊಕ್ರಿಯೇಟ್‌ನಲ್ಲಿ ಸಿಎಂವೈಕೆ ಕ್ಯಾನ್ವಾಸ್ ಶುರು ಮಾಡಿದ ಮೇಲೆ ಅದನ್ನು ಆರ್‌ಜಿಬಿಗೆ (ಪರದೆಯ ಕೆಂಪು, ಹಸಿರು, ನೀಲಿ ಬೆಳಕಿನ ಬಣ್ಣ ಪದ್ಧತಿಗೆ) ತಿರುಗಿಸಲು ಬರುವುದಿಲ್ಲ. ನೀಲಿಕುಂಚ ಅವರಿಗೆ ಇನ್‌ಸ್ಟಾಗ್ರಾಂ ಕೂಡ ಬೇಕು, ನಾಳೆ ಇದೇ ಚಿತ್ರ ಗೋಡೆಯಷ್ಟು ದೊಡ್ಡ ಪರದೆಗೆ ಹೋಗಬಹುದು. ‘ಆ್ಯಡ್’, ‘ಕಲರ್ ಡಾಡ್ಜ್’ ತರಹದ ಪದರಗಳೂ ಆರ್‌ಜಿಬಿಯಲ್ಲಿ ಕೊಡುವ ಹೊಳಪನ್ನು ಸಿಎಂವೈಕೆಯಲ್ಲಿ ಕೊಡುವುದಿಲ್ಲ. ಮೂಲ ಫೈಲ್ ಆರ್‌ಜಿಬಿಯಲ್ಲೇ ಪದರಗಳ ಸಮೇತ ಇರಲಿ. ಅದರಿಂದ ಪ್ರಿಂಟ್‌ಗೆ ಒಂದು ಪ್ರತಿ, ಪರದೆಗೆ ಒಂದು ಪ್ರತಿ. ಪ್ರಿಂಟ್ ಪ್ರತಿಯನ್ನೇ ವಾಪಸ್ ಆರ್‌ಜಿಬಿ ಮಾಡಿ ಹಾಕಿದರೆ ಕಳೆದುಹೋದ ಬಣ್ಣ ಮರಳಿ ಬರುವುದಿಲ್ಲ.

ನಿಮ್ಮ ಕ್ಯಾನ್ವಾಸ್‌ನಲ್ಲಿ ಬ್ಲೀಡ್ (ಕತ್ತರಿಸಿ ಹೋಗಲೆಂದು ಅಂಚಿನಾಚೆ ಬಿಡುವ ಹೆಚ್ಚುವರಿ ಚಿತ್ರ) ಇಲ್ಲ. ನಾಲ್ಕೂ ಕಡೆ 3 ಮಿ.ಮೀ. ಸೇರಿಸಿದರೆ 303×426 ಮಿ.ಮೀ., ಅಂದರೆ 3579×5031 ಪಿಕ್ಸೆಲ್ ಬೇಕು. ಇಲ್ಲದಿದ್ದರೆ ಕಟಿಂಗ್ ಒಂದು ಕೂದಲೆಳೆ ಸರಿದರೂ ಕಡುಬಣ್ಣದ ಅಂಚಿನಲ್ಲಿ ಬಿಳಿಗೆರೆ ಕಾಣುತ್ತದೆ. 12×18 ಇಂಚಿನ ಹಾಳೆಯ ಅಗಲ 305 ಮಿ.ಮೀ. ಅಷ್ಟೇ, ಡಿಜಿಟಲ್ ಮಷಿನ್ ಹಾಳೆಯ ತುದಿಯವರೆಗೆ ಅಚ್ಚು ಹಾಕುವುದಿಲ್ಲವಾದ್ದರಿಂದ ಬ್ಲೀಡ್ ಅಲ್ಲೇ ಹೋಗಿಬಿಡುತ್ತದೆ. 13×19 ಇಂಚಿನ ಹಾಳೆ ಬೇಕೆಂದು ಬಾಯಿಬಿಟ್ಟು ಹೇಳಿ. ಮ್ಯಾಟ್ ಲ್ಯಾಮಿನೇಶನ್ ಮಾಡಿಸುವುದಾದರೆ ಕಪ್ಪು ಇನ್ನಷ್ಟು ಮಂಕಾಗುತ್ತದೆ, ಸ್ಯಾಂಪಲ್ ಅನ್ನು ಲ್ಯಾಮಿನೇಶನ್ ಆದಮೇಲೆ ನೋಡಿಯೇ ಒಪ್ಪಿ. ಹೋಲಿಸುವಾಗ ಪರದೆಯ ಬಣ್ಣವನ್ನು ತಾವೇ ಬದಲಿಸುವ ಐಪ್ಯಾಡ್‌ನ ಟ್ರೂ ಟೋನ್, ನೈಟ್ ಶಿಫ್ಟ್ ಎರಡನ್ನೂ ಆಫ್ ಮಾಡಿ, ಬ್ರೈಟ್‌ನೆಸ್ ಅರ್ಧಕ್ಕಿಡಿ.

ಅರ್ಕಾವೊತ್ತು:
ಅಕ್ಷರದ ವಿಷಯಕ್ಕೆ ಬರುತ್ತೇನೆ, ಇದನ್ನು ಹಗುರವಾಗಿ ಬಿಡಬಾರದು. ನಿಮ್ಮ ಶೀರ್ಷಿಕೆಯಲ್ಲೇ ಎರಡು ಕಷ್ಟದ ಜಾಗಗಳಿವೆ. ‘ರ್ತಿ’ಯನ್ನು ಕಂಪ್ಯೂಟರ್ ಇಟ್ಟುಕೊಳ್ಳುವುದು ರ, ಹಲಂತ, ತ, ಇಕಾರದ ಗುಡಿಸು ಎಂಬ ಕ್ರಮದಲ್ಲಿ. ತೋರಿಸುವಾಗ ‘ತಿ’ ಮೊದಲು, ಅರ್ಕಾವೊತ್ತು ಆಮೇಲೆ ಬರಬೇಕು. ‘ತ್ರಿ’ಯಲ್ಲಿ ರಕಾರದ ಒತ್ತು ಕೆಳಗಿಳಿಯಬೇಕು. ಈ ಜೋಡಣೆ ಗೊತ್ತಿಲ್ಲದ ಸಾಫ್ಟ್‌ವೇರ್ ‘ಕಾರ್‌ತಿಕ ರಾತ್‌ರಿ’ ಎಂದು ಬಿಡಿಸಿಡುತ್ತದೆ. ಫಾಂಟ್‌ನ ತಪ್ಪಲ್ಲ ಅದು.

ಫೋಟೊಶಾಪ್‌ನಲ್ಲಾದರೆ ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನುವಿನಲ್ಲಿ ‘ವರ್ಲ್ಡ್-ರೆಡಿ’ ಆಯ್ಕೆ ಇದೆ, ಅದನ್ನು ಹಾಕಿದರೆ ಕೂಡಿಕೊಳ್ಳುತ್ತದೆ. ಕ್ರಿಟಾದಲ್ಲಿ ಪಠ್ಯದ ಜೋಡಣೆಯನ್ನು 2023ರಲ್ಲಿ ಬಂದ 5.2 ಆವೃತ್ತಿಯಲ್ಲಿ ಹೊಸದಾಗಿ ಬರೆದರು, ಅದಕ್ಕಿಂತ ಹಳೆಯದು ಬೇಡ. ಹಳೆಯ ನುಡಿ, ಬರಹ ಫಾಂಟ್‌ಗಳು ಯೂನಿಕೋಡ್ (ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತ ಪದ್ಧತಿ) ಅಲ್ಲ. ಯೂನಿಕೋಡ್ ಪಠ್ಯವನ್ನು ಅವುಗಳಿಗೆ ಸುರಿದರೆ ಚೌಕಗಳು ಬರುತ್ತವೆ.

ನನ್ನ ಸಲಹೆ: ಶೀರ್ಷಿಕೆಯನ್ನು ಇಂಕ್‌ಸ್ಕೇಪ್ ಎಂಬ ಉಚಿತ ರೇಖಾಚಿತ್ರ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿ. ಬಾಲೂ ತಮ್ಮ, ಅನೇಕ್ ಕನ್ನಡ, ತಿರೋ ಕನ್ನಡ ಮೂರೂ ಗೂಗಲ್ ಫಾಂಟ್ಸ್‌ನಲ್ಲಿವೆ, ಮಾರುವ ಪ್ರಿಂಟ್‌ನಲ್ಲಿ ಬಳಸಲು ಅವುಗಳ ಪರವಾನಗಿ ಅಡ್ಡಿ ಮಾಡುವುದಿಲ್ಲ. ಕಂಟ್ರೋಲ್+ಶಿಫ್ಟ್+ಸಿ ಒತ್ತಿ ಪಾತ್ ಮಾಡಿ ಪಿಡಿಎಫ್ ತೆಗೆಯಿರಿ. ಆಮೇಲೆ ಅದು ಅಕ್ಷರವಲ್ಲ, ಆಕಾರ; ಪ್ರೆಸ್‌ನಲ್ಲಿ ಯಾವ ಫಾಂಟೂ ಬೇಡ. ಪಾತ್ ಮಾಡುವ ಮೊದಲಿನ ಪ್ರತಿ ಉಳಿಸಿಕೊಳ್ಳಿ, ಕಾಗುಣಿತ ತಿದ್ದಬೇಕಾದೀತು. ಎರಡು ಸಾಲಿದ್ದರೆ ಸಾಲುಗಳ ಅಂತರ ಅಕ್ಷರದ ಗಾತ್ರದ ಒಂದೂವರೆಯಷ್ಟಿರಲಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಗುಡಿಸಿಗೆ ತಾಗುತ್ತದೆ. ಸಣ್ಣ ಕಪ್ಪು ಅಕ್ಷರಗಳಿಗೆ ಕಪ್ಪು ಶಾಯಿ 100, ಉಳಿದ ಮೂರೂ 0. ನಾಲ್ಕು ಶಾಯಿ ಸೇರಿದರೆ ಒಂದು ಚೂರು ಸರಿದರೂ ಒತ್ತಿನ ಒಳಗಿನ ಕಿಂಡಿ ಮುಚ್ಚಿಹೋಗುತ್ತದೆ.

ನೀಲಿಕುಂಚ:
ತುಂಬಾ ಉಪಕಾರ ಆಯಿತು. ಇನ್‌ಸ್ಟಾಗ್ರಾಂ ಪ್ರತಿ ಹೇಗಿರಬೇಕು? ಎಐ ತರಬೇತಿಗೆ ಎತ್ತಿಕೊಂಡು ಹೋಗದಂತೆ ಗ್ಲೇಜ್ ಹಾಕುವುದರಿಂದ ಪ್ರಯೋಜನ ಇದೆಯೇ?

ಪದರಪದರ:
ಪ್ರೊಫೈಲನ್ನು ಎಸ್‌ಆರ್‌ಜಿಬಿಗೆ (ಹೆಚ್ಚಿನ ಪರದೆಗಳಿಗೆ ಒಪ್ಪುವ ಸಾಮಾನ್ಯ ಬಣ್ಣ ಪದ್ಧತಿಗೆ) ಬದಲಿಸಿ. ಪಿ3ಯಲ್ಲೇ ಬಿಟ್ಟರೆ ಕೆಲವು ಫೋನ್, ಬ್ರೌಸರ್‌ಗಳಲ್ಲಿ ಬಣ್ಣ ಬೇರೆಯೇ ಕಾಣುತ್ತದೆ. ಅಳತೆ 1080×1350 ಪಿಕ್ಸೆಲ್. ಎ3 ಅನುಪಾತ ಅದಕ್ಕಿಂತ ಉದ್ದವಾದ್ದರಿಂದ ಮೇಲೆ ಕೆಳಗೆ ಎಲ್ಲಿ ಕತ್ತರಿಸಬೇಕೆಂದು ನೀವೇ ನಿರ್ಧರಿಸಿ, ಆ್ಯಪ್‌ಗೆ ಬಿಡಬೇಡಿ. ಪ್ರಿಂಟ್ ಗಾತ್ರದ ಫೈಲ್ ಅಂತರ್ಜಾಲಕ್ಕೆ ಹೋಗಲೇಬಾರದು; 1080 ಪಿಕ್ಸೆಲ್ ಅಗಲದ ಚಿತ್ರದಿಂದ ಎ3 ಪ್ರಿಂಟ್ ತೆಗೆದರೆ ಇಂಚಿಗೆ 92 ಪಿಕ್ಸೆಲ್ ಮಾತ್ರ, ಕದ್ದು ಅಚ್ಚು ಹಾಕಿದವರಿಗೆ ಮಸುಕು ಚಿತ್ರವೇ ಸಿಗುತ್ತದೆ.

ಗ್ಲೇಜ್ ಶಿಕಾಗೊ ವಿಶ್ವವಿದ್ಯಾಲಯದ ತಂಡ 2023ರಲ್ಲಿ ಬಿಟ್ಟ ಉಚಿತ ಸಾಧನ. ಶೈಲಿಯ ನಕಲನ್ನು ಕಷ್ಟ ಮಾಡುತ್ತದೆ, ಪೂರ್ತಿ ತಡೆಯುವ ಖಾತರಿಯನ್ನು ಅವರೂ ಕೊಟ್ಟಿಲ್ಲ. ಅಳತೆ ಇಳಿಸಿ, ಸಹಿ ಹಾಕಿ, ಎಲ್ಲ ಮುಗಿದ ಮೇಲೆ ಕೊನೆಯ ಹಂತವಾಗಿ ಹಾಕಿ. ನಿಮ್ಮದರಂಥ ನುಣುಪಾದ ಆಕಾಶದಲ್ಲಿ ಅದರ ಕಲೆಗಳು ಬೇಗ ಕಣ್ಣಿಗೆ ಬೀಳುತ್ತವೆ. ತೀವ್ರತೆ ಕಡಿಮೆ ಇಟ್ಟು ನೋಡಿ, ಅಥವಾ ಆಕಾಶಕ್ಕೆ ಮೊದಲೇ ಸ್ವಲ್ಪ ಬ್ರಷ್ ಕಣಕಣ ಕೊಡಿ. ಪ್ರಿಂಟ್ ಪ್ರತಿಗೆ ಗ್ಲೇಜ್ ಹಾಕಲೇಬೇಡಿ. ಚಿತ್ರ ಬಿಡಿಸಿದ ಕ್ರಮ ದಾಖಲಾಗಿರುವ ಪ್ರೊಕ್ರಿಯೇಟ್‌ನ ಟೈಮ್‌ಲ್ಯಾಪ್ಸ್ ವಿಡಿಯೊವನ್ನು ಅಳಿಸದೆ ಇಟ್ಟುಕೊಳ್ಳಿ. ಯಾರಾದರೂ ಚಿತ್ರ ತಮ್ಮದೆಂದು ಹಾಕಿಕೊಂಡಾಗ ದೂರಿನ ಜೊತೆ ಕೊಡಲು ಪದರಗಳ ಫೈಲ್, ಈ ವಿಡಿಯೊ ಎರಡೂ ಬೇಕಾಗುತ್ತವೆ.