ಆಗಸ್ಟ್ ತಪ್ಪಿತು, ಜನವರಿಗೆ ಅಮೆರಿಕಕ್ಕೆ ಹೋಗಬಹುದೇ?

ಪ್ರಶ್ನೆ (ವಿದ್ಯಾರ್ಥಿನಿ, ದಾವಣಗೆರೆ): ಮೇಡಂ, ನಮಸ್ಕಾರ. ವಿಟಿಯುನಲ್ಲಿ ಕಂಪ್ಯೂಟರ್ ಸೈನ್ಸ್ ಬಿ.ಇ. ಮುಗಿಸಿದ್ದೇನೆ. ಅಮೆರಿಕದ ಒಂದು ರಾಜ್ಯ ವಿಶ್ವವಿದ್ಯಾಲಯದಲ್ಲಿ 2025ರ ಆಗಸ್ಟ್‌ಗೆ ಎಂ.ಎಸ್. ಪ್ರವೇಶ ಸಿಕ್ಕಿತ್ತು. ಮೇ ಕೊನೆಯಲ್ಲಿ ವಿದ್ಯಾರ್ಥಿ ವೀಸಾ ಸಂದರ್ಶನಕ್ಕೆ ಹೊಸ ಸ್ಲಾಟ್ ಕೊಡುವುದನ್ನು ನಿಲ್ಲಿಸಿದರಲ್ಲ, ಜೂನ್‌ನಲ್ಲಿ ಮತ್ತೆ ತೆರೆದ ಮೇಲೂ ನನಗೆ ಸ್ಲಾಟ್ ಸಿಗಲಿಲ್ಲ. ಈಗ 2026ರ ಜನವರಿಗೆ ಬಂದು ಸೇರಿ ಎನ್ನುತ್ತಿದ್ದಾರೆ. ಹೋಗಲೇ, ಮುಂದಿನ ಆಗಸ್ಟ್‌ವರೆಗೆ ಕಾಯಲೇ? ನಡುವರ್ಷದಲ್ಲಿ ಸೇರಿದರೆ ಇಂಟರ್ನ್‌ಶಿಪ್ ಸಿಗುವುದಿಲ್ಲ ಎಂದು ಎಲ್ಲರೂ ಹೆದರಿಸುತ್ತಿದ್ದಾರೆ.

ಉತ್ತರ (ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಸಲಹೆಗಾರ್ತಿ): ಹೆದರಿಸುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಓದುವವರು ಹೊರಗಿನ ಕಂಪನಿಯಲ್ಲಿ ಇಂಟರ್ನ್‌ಶಿಪ್ ಮಾಡಬೇಕಾದರೆ ಸಿಪಿಟಿ ಎಂಬ ಅನುಮತಿ ಬೇಕು. ಅದು ಸಿಗಬೇಕಾದರೆ ಒಂದು ಪೂರ್ಣ ಶೈಕ್ಷಣಿಕ ವರ್ಷ, ಅಂದರೆ ಸಾಮಾನ್ಯವಾಗಿ ಎರಡು ಸೆಮಿಸ್ಟರ್, ಓದಿರಬೇಕು. ಮೊದಲಿನಿಂದಲೇ ತರಬೇತಿ ಕಡ್ಡಾಯವಾಗಿರುವ ಕೆಲವು ಸ್ನಾತಕೋತ್ತರ ಕೋರ್ಸುಗಳಿಗೆ ಮಾತ್ರ ಇದರಿಂದ ವಿನಾಯಿತಿ. ಜನವರಿಗೆ ಸೇರಿದವರಿಗೆ ಮೇ ಹೊತ್ತಿಗೆ ಒಂದೇ ಸೆಮಿಸ್ಟರ್ ಆಗಿರುತ್ತದೆ. ಇಂಟರ್ನ್‌ಶಿಪ್ ನಡೆಯುವುದು ಹೆಚ್ಚಾಗಿ ಅಲ್ಲಿನ ಬೇಸಿಗೆ ರಜೆಯಲ್ಲಿ, ಮೇ ತಿಂಗಳಿಂದ ಆಗಸ್ಟ್‌ವರೆಗೆ. ಆದ್ದರಿಂದ 2026ರ ಬೇಸಿಗೆಯನ್ನು ಬಿಟ್ಟುಬಿಡಿ. ನಿಜವಾದ ಪ್ರಶ್ನೆ 2027ರ ಬೇಸಿಗೆಯದು. ಅದು ನಿಮಗೆ ದಕ್ಕುತ್ತದೆಯೇ ಎಂಬುದನ್ನು ನಿಮ್ಮ ಕೋರ್ಸಿನ ಉದ್ದವೇ ತೀರ್ಮಾನಿಸುತ್ತದೆ. ಒಟ್ಟು ಎಷ್ಟು ಕ್ರೆಡಿಟ್ ಎಂದು ತಿಳಿಸಿ, ಲೆಕ್ಕ ಹಾಕೋಣ.

ಅಷ್ಟರಲ್ಲಿ ಕಾಗದಪತ್ರದ ಮಾತು. ಪ್ರವೇಶ ಮುಂದೂಡಿದರೆ ವಿಶ್ವವಿದ್ಯಾಲಯ ಹೊಸ ದಿನಾಂಕದ ಐ-20, ಅಂದರೆ ವಿದ್ಯಾರ್ಥಿ ವೀಸಾಕ್ಕೆ ಬೇಕಾದ ಅರ್ಹತಾ ಪತ್ರ, ಕೊಡುತ್ತದೆ. ಅದರ ಮೇಲಿನ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ವಿವರ ಇಡುವ ಅಮೆರಿಕ ಸರ್ಕಾರದ ದಾಖಲೆ ವ್ಯವಸ್ಥೆ) ಸಂಖ್ಯೆ ಹಳೆಯದೇ ಆಗಿದ್ದರೆ 350 ಡಾಲರ್ ಸೆವಿಸ್ ಶುಲ್ಕವನ್ನು ಮತ್ತೆ ಕಟ್ಟಬೇಕಾಗಿಲ್ಲ. ವೀಸಾ ಅರ್ಜಿ ಶುಲ್ಕದ ರಸೀದಿ ಕಟ್ಟಿದ ದಿನದಿಂದ ಒಂದು ವರ್ಷ ನಡೆಯುತ್ತದೆ, ಹಳೆಯ ರಸೀದಿಯ ದಿನಾಂಕ ನೋಡಿಕೊಳ್ಳಿ. ನಿಮ್ಮ ಸಾಮಾಜಿಕ ಜಾಲತಾಣದ ಖಾತೆಗಳು ಸಂದರ್ಶನಕ್ಕೆ ಮೊದಲೇ ಎಲ್ಲರಿಗೂ ಕಾಣುವಂತಿರಬೇಕು. 2025ರ ಜೂನ್‌ನಿಂದ ಅದನ್ನು ಕಡ್ಡಾಯ ಮಾಡಿದ್ದಾರೆ. ಆಗಸ್ಟ್‌ಗೆಂದು ವಿದ್ಯಾರ್ಥಿವೇತನವನ್ನೋ ಸಹಾಯಕ ಹುದ್ದೆಯನ್ನೋ ಕೊಟ್ಟಿದ್ದರೆ ಅದು ಜನವರಿಗೆ ತಾನಾಗಿ ಬರುತ್ತದೆ ಎಂದು ನಂಬಬೇಡಿ. ಇಲಾಖೆಗಳು ಟಿಎ (ಬೋಧನಾ ಸಹಾಯಕ) ಹುದ್ದೆಗಳನ್ನು ಹಂಚುವುದು ಹೆಚ್ಚಾಗಿ ಆಗಸ್ಟ್‌ನಲ್ಲೇ, ವರ್ಷದ ಮಧ್ಯದಲ್ಲಿ ಖಾಲಿಯಾಗುವುದು ಬೆರಳೆಣಿಕೆಯಷ್ಟು. ಬರೆದ ಪತ್ರ ಕೇಳಿ ಪಡೆಯಿರಿ.

ಪ್ರಶ್ನೆ (ಅದೇ ವಿದ್ಯಾರ್ಥಿನಿ): ಒಟ್ಟು 30 ಕ್ರೆಡಿಟ್, ಮೇಡಂ. ವಿದ್ಯಾರ್ಥಿವೇತನ ಇಲ್ಲ, ಬ್ಯಾಂಕ್ ಸಾಲ. ಬೇಗ ಮುಗಿಸಿದಷ್ಟೂ ಖರ್ಚು ಕಡಿಮೆ ಎಂದು ಮೂರು ಸೆಮಿಸ್ಟರ್‌ನಲ್ಲಿ ಮುಗಿಸುವ ಯೋಚನೆ.

ಉತ್ತರ: ಜನವರಿಗೆ ಸೇರುವವರು ಎಡವುವುದು ಇಲ್ಲಿಯೇ. 9, 9, 12 ಕ್ರೆಡಿಟ್ ಎಂದು ಮೂರು ಸೆಮಿಸ್ಟರ್‌ಗೆ ಹಂಚಿದರೆ ನೀವು 2027ರ ಮೇ ತಿಂಗಳಲ್ಲಿ ಪದವಿ ಮುಗಿಸುತ್ತೀರಿ. ಮೊದಲ ಬೇಸಿಗೆಗೆ ಸಿಪಿಟಿ ಅರ್ಹತೆ ಇರಲಿಲ್ಲ, ಎರಡನೆಯ ಬೇಸಿಗೆ ಬರುವ ಹೊತ್ತಿಗೆ ನೀವು ವಿದ್ಯಾರ್ಥಿಯೇ ಅಲ್ಲ. ಒಂದೂ ಬೇಸಿಗೆ ಇಂಟರ್ನ್‌ಶಿಪ್ ಇಲ್ಲದೆ ಕೆಲಸ ಹುಡುಕಲು ನಿಲ್ಲುತ್ತೀರಿ. ಉಳಿಸಿದ ಹಣ ಆಗ ದೊಡ್ಡದಾಗಿ ಕಾಣುವುದಿಲ್ಲ.

ಬದಲಿಗೆ ಮೂರು ಸೆಮಿಸ್ಟರ್‌ಗಳಲ್ಲಿ ತಲಾ 9 ಕ್ರೆಡಿಟ್ ತೆಗೆದುಕೊಂಡು, 2027ರ ಬೇಸಿಗೆಯಲ್ಲಿ ಇಂಟರ್ನ್‌ಶಿಪ್ ಮಾಡಿ, ಉಳಿದ 3 ಕ್ರೆಡಿಟ್‌ಗಳನ್ನು ಆ ವರ್ಷದ ಆಗಸ್ಟ್‌ನಿಂದ ಡಿಸೆಂಬರ್‌ವರೆಗಿನ ಸೆಮಿಸ್ಟರ್‌ನಲ್ಲಿ ಮುಗಿಸಿ. ಕೊನೆಯ ಸೆಮಿಸ್ಟರ್‌ನಲ್ಲಿ ಪೂರ್ಣಾವಧಿಗಿಂತ ಕಡಿಮೆ ಕ್ರೆಡಿಟ್ ಓದಲು ಅವಕಾಶವಿದೆ, ಆದರೆ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿ ಮೊದಲೇ ಒಪ್ಪಿಗೆ ಕೊಟ್ಟಿರಬೇಕು. ಉಳಿದದ್ದು ಒಂದೇ ಕೋರ್ಸ್ ಆಗಿದ್ದರೆ ಅದು ಆನ್‌ಲೈನ್ ಕೋರ್ಸ್ ಆಗಿರಬಾರದು. ನಾಲ್ಕೈದು ತಿಂಗಳ ಬಾಡಿಗೆ, ಊಟ, ವಿಮೆ ಹೆಚ್ಚಾಗಿ ಬೀಳುತ್ತದೆ, ನಿಜ. ಇಂಟರ್ನ್‌ಶಿಪ್ಪಿನ ಸಂಬಳ ಬಹುತೇಕ ಅದನ್ನು ತುಂಬಿಕೊಡುತ್ತದೆ.

ಇದರಲ್ಲಿ ಯಾರೂ ಹೇಳದ ಒಂದು ಲಾಭವೂ ಇದೆ. ದೊಡ್ಡ ಕಂಪನಿಗಳು ಮುಂದಿನ ಬೇಸಿಗೆಯ ಇಂಟರ್ನ್‌ಶಿಪ್ ಅರ್ಜಿಗಳನ್ನು ಆಗಸ್ಟ್, ಸೆಪ್ಟೆಂಬರ್‌ನಲ್ಲೇ ತೆರೆಯುತ್ತವೆ. ಕ್ಯಾಂಪಸ್ಸಿನ ಉದ್ಯೋಗ ಮೇಳಗಳೂ ಬಹುಪಾಲು ಆಗಲೇ. ಆಗಸ್ಟ್‌ನಲ್ಲಿ ಬಂದಿಳಿದ ಹುಡುಗ ಸಿಮ್ ಕಾರ್ಡ್ ಹಾಕಿಸಿಕೊಳ್ಳುವುದರೊಳಗೆ ಮೇಳದ ಸಾಲಿನಲ್ಲಿ ನಿಂತಿರುತ್ತಾನೆ, ತೋರಿಸಲು ಒಂದು ಗ್ರೇಡ್ ಕೂಡ ಇರುವುದಿಲ್ಲ. 2026ರ ಸೆಪ್ಟೆಂಬರ್ ಹೊತ್ತಿಗೆ ನಿಮ್ಮ ಬಳಿ ಒಂದು ಸೆಮಿಸ್ಟರ್‌ನ ಅಂಕಗಳು, ಒಂದು ಪ್ರಾಜೆಕ್ಟ್, ನಿಮ್ಮ ಹೆಸರು ಬಲ್ಲ ಒಬ್ಬ ಪ್ರಾಧ್ಯಾಪಕರು ಇರುತ್ತಾರೆ.

ಆದರೆ ಈ ಯೋಜನೆ ನಿಲ್ಲುವುದು ಕೋರ್ಸುಗಳು ಯಾವಾಗ ನಡೆಯುತ್ತವೆ ಎಂಬುದರ ಮೇಲೆ. ಎಷ್ಟೋ ಇಲಾಖೆಗಳು ಕಡ್ಡಾಯ ವಿಷಯಗಳನ್ನು ಆಗಸ್ಟ್ ಸೆಮಿಸ್ಟರ್‌ನಲ್ಲಿ ಮಾತ್ರ ಕಲಿಸುತ್ತವೆ. ಜನವರಿಯಲ್ಲಿ ಅದರ ಮುಂದಿನ ಭಾಗ. ಮೊದಲನೆಯದನ್ನು ಓದದೆ ಎರಡನೆಯದಕ್ಕೆ ಸೇರಿಸಿಕೊಳ್ಳುವುದಿಲ್ಲ. ಜನವರಿಯಲ್ಲಿ ಮತ್ತು ಆಗಸ್ಟ್‌ನಲ್ಲಿ ಯಾವ ಯಾವ ವಿಷಯಗಳನ್ನು ಕಲಿಸುತ್ತೀರಿ ಎಂದು ಇಲಾಖೆಯ ಸಂಯೋಜಕರಿಗೆ ಇವತ್ತೇ ಬರೆಯಿರಿ. ಮೊದಲ ಸೆಮಿಸ್ಟರ್‌ಗೆ ಕೆಲಸಕ್ಕೆ ಬರುವ ಮೂರು ವಿಷಯಗಳು ಸಿಕ್ಕರೆ ಹೋಗಿ. ಸಿಗದಿದ್ದರೆ ಆಗಸ್ಟ್‌ವರೆಗೆ ಕಾಯುವುದೇ ಲೇಸು. ನನ್ನ ಮಟ್ಟಿಗೆ ಹೋಗುವ, ಬಿಡುವ ತೀರ್ಮಾನಕ್ಕೆ ಇದೊಂದೇ ಕಾರಣ ಸಾಕು.

ಪ್ರಶ್ನೆ (ವಿದ್ಯಾರ್ಥಿ, ಹುಬ್ಬಳ್ಳಿ): ಮೊದಲ ಬೇಸಿಗೆ ಖಾಲಿ ಕೂರುವುದಕ್ಕಿಂತ ಸಂಬಳವಿಲ್ಲದ ಇಂಟರ್ನ್‌ಶಿಪ್ ಮಾಡಬಹುದಲ್ಲವೇ? ಸಂಬಳ ಇಲ್ಲದಿದ್ದರೆ ಅನುಮತಿ ಬೇಡ ಎಂದು ಒಬ್ಬ ಅಣ್ಣ ಹೇಳಿದರು. ಇನ್ನೊಂದು ವಿಷಯ: ಜನವರಿಗಾದರೆ ಪ್ರವೇಶವೂ ವೀಸಾವೂ ಸುಲಭ, ಮೊದಲ ದಿನದಿಂದಲೇ ಸಿಪಿಟಿ ಕೊಡುವ ಕಾಲೇಜೂ ಇದೆ ಎಂದು ಕನ್ಸಲ್ಟೆನ್ಸಿಯವರು ಹೇಳುತ್ತಿದ್ದಾರೆ.

ಉತ್ತರ: ಆ ಅಣ್ಣನ ಮಾತು ಕೇಳಬೇಡಿ. ಬೇರೆಯವರಿಗೆ ಸಂಬಳ ಕೊಡುವಂಥ ಕೆಲಸವನ್ನು ನೀವು ಪುಕ್ಕಟೆ ಮಾಡಿದರೂ ಅದು ಕೆಲಸವೇ, ಅನುಮತಿ ಇಲ್ಲದಿದ್ದರೆ ವೀಸಾ ಸ್ಥಿತಿಗೇ ಕುತ್ತು. ಕ್ಯಾಂಪಸ್ಸಿನೊಳಗಿನ ಕೆಲಸಕ್ಕೆ ಸಿಪಿಟಿ ಬೇಡ. ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ, ಬೇಸಿಗೆ ರಜೆಯಲ್ಲಿ ಪೂರ್ಣಾವಧಿಯೂ ಮಾಡಬಹುದು. ಪ್ರಾಧ್ಯಾಪಕರೊಬ್ಬರ ಪ್ರಯೋಗಾಲಯದಲ್ಲಿ ಮೊದಲ ಬೇಸಿಗೆ ಕಳೆದರೆ ಅದಕ್ಕಿಂತ ಒಳ್ಳೆಯದಿಲ್ಲ. ಫೆಬ್ರವರಿಯಲ್ಲೇ ಕೇಳಲು ಶುರುಮಾಡಿ.

ಕನ್ಸಲ್ಟೆನ್ಸಿಯವರ ಲೆಕ್ಕ ಬೇರೆ. ಕೆಲವು ಕಾಲೇಜುಗಳು ಅವರಿಗೆ ಪ್ರತಿ ವಿದ್ಯಾರ್ಥಿಗೂ ಕಮಿಷನ್ ಕೊಡುತ್ತವೆ. ಜನವರಿಗೆ ಅರ್ಜಿ ಹಾಕುವವರು ಕಡಿಮೆ, ಹಾಗೆಯೇ ಪ್ರವೇಶ ಕೊಡುವ ಇಲಾಖೆಗಳೂ ಕಡಿಮೆ. ವೀಸಾ ಅಧಿಕಾರಿಗೆ ನೀವು ಯಾವ ತಿಂಗಳು ಸೇರುತ್ತೀರಿ ಎಂಬುದು ಮುಖ್ಯವಲ್ಲ. ಯಾಕೆ ಈ ಕೋರ್ಸ್, ಹಣ ಎಲ್ಲಿಂದ ಎಂಬುದಕ್ಕೆ ಉತ್ತರ ಬೇಕು. ಮೊದಲ ದಿನದ ಸಿಪಿಟಿ ಎಂದು ಜಾಹೀರಾತು ಕೊಡುವ ಕಡೆಗೆ ನನ್ನ ಮನೆಯ ಮಕ್ಕಳನ್ನು ನಾನು ಕಳಿಸುವುದಿಲ್ಲ. ಪೂರ್ಣಾವಧಿ ಸಿಪಿಟಿ 12 ತಿಂಗಳು ಮುಟ್ಟಿದರೆ ಪದವಿಯ ನಂತರ ಕೆಲಸ ಮಾಡಲು ಕೊಡುವ ಒಪಿಟಿಯ ಅರ್ಹತೆಯೇ ಹೋಗುತ್ತದೆ. ಮುಂದೆ ಬೇರೆ ವೀಸಾಕ್ಕೆ ಅರ್ಜಿ ಹಾಕಿದಾಗ ಪ್ರಶ್ನೆಗಳೂ ಏಳುತ್ತವೆ.

ಪ್ರಶ್ನೆ (ತಾಯಿ, ಮೈಸೂರು): ನಮ್ಮ ಮಗಳೂ ಜನವರಿಗೆ ಹೊರಟಿದ್ದಾಳೆ. ಆಗಸ್ಟ್‌ನಲ್ಲಿ ಹೋದವರೆಲ್ಲ ಗುಂಪುಗೂಡಿ ಮನೆ ಮಾಡಿಕೊಂಡಿದ್ದಾರೆ. ಇವಳಿಗೆ ಜಾಗ ಸಿಗುತ್ತದೆಯೇ? ಕ್ರಿಸ್‌ಮಸ್ ಆದ ಕೂಡಲೇ ಕಳಿಸಿದರೆ ನೆಲೆಯೂರಲು ಸಮಯ ಸಿಗುತ್ತದೆ ಎಂದು ಟಿಕೆಟ್ ನೋಡುತ್ತಿದ್ದೇವೆ.

ಉತ್ತರ: ಜಾಗ ಸಿಗುತ್ತದೆ ಅಮ್ಮ. ಅಲ್ಲಿ ವಿದ್ಯಾರ್ಥಿಗಳ ಮನೆ ಕರಾರು ಸಾಮಾನ್ಯವಾಗಿ ಆಗಸ್ಟ್‌ನಿಂದ ಜುಲೈವರೆಗೆ. ಡಿಸೆಂಬರ್‌ನಲ್ಲಿ ಪದವಿ ಮುಗಿಸಿದವರು ಉಳಿದ ತಿಂಗಳುಗಳಿಗೆ ತಮ್ಮ ಕೋಣೆಯನ್ನು ಬೇರೆಯವರಿಗೆ ಬಿಟ್ಟುಕೊಡಲು ಹುಡುಕುತ್ತಿರುತ್ತಾರೆ, ಎಷ್ಟೋ ಸಲ ಮಂಚ, ಮೇಜಿನ ಸಮೇತ. ಮನೆಯ ಮಾಲೀಕರ ಲಿಖಿತ ಒಪ್ಪಿಗೆ ಕೇಳಿ. ವಿಡಿಯೋ ಕರೆಯಲ್ಲಿ ಮನೆ ನೋಡದೆ ಮುಂಗಡ ಕಳಿಸಬೇಡಿ. ಹಾಗೆ ಸಿಕ್ಕ ಕೋಣೆ ಜುಲೈವರೆಗೆ ಸಾಕು, ಅಷ್ಟರಲ್ಲಿ ಅವಳಿಗೇ ಗೆಳತಿಯರಾಗಿರುತ್ತಾರೆ.

ಟಿಕೆಟ್ ಮಾತ್ರ ಸ್ವಲ್ಪ ತಡೆಯಿರಿ. ಐ-20ರಲ್ಲಿರುವ ಆರಂಭದ ದಿನಾಂಕಕ್ಕೆ 30 ದಿನ ಮುಂಚೆ ಮಾತ್ರ ದೇಶದೊಳಗೆ ಬಿಡುತ್ತಾರೆ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ವಿಶ್ವವಿದ್ಯಾಲಯದ ಕಚೇರಿಗಳು, ಕೆಲವು ಕಡೆ ಹಾಸ್ಟೆಲುಗಳೂ, ಮುಚ್ಚಿರುತ್ತವೆ. ತೆರಿಗೆಯದೂ ಒಂದು ಸೂಕ್ಷ್ಮವಿದೆ. ಎಫ್-1 ವಿದ್ಯಾರ್ಥಿಗಳನ್ನು ಐದು ಕ್ಯಾಲೆಂಡರ್ ವರ್ಷ ತೆರಿಗೆಯ ಮಟ್ಟಿಗೆ ಅನಿವಾಸಿಗಳೆಂದು ಎಣಿಸುತ್ತಾರೆ. ಆ ಅವಧಿಯಲ್ಲಿ ಸಂಬಳದಿಂದ ಸಾಮಾಜಿಕ ಭದ್ರತೆ, ಮೆಡಿಕೇರ್ ಎಂದು ಹಿಡಿಯುವ 7.65% ಅವರಿಗೆ ಬೀಳುವುದಿಲ್ಲ. ಡಿಸೆಂಬರ್ 28ಕ್ಕೆ ಇಳಿದರೆ 2025 ಕೂಡ ಒಂದು ವರ್ಷವಾಗಿ ಎಣಿಕೆಗೆ ಸೇರುತ್ತದೆ. ಆಗ ಐದು ವರ್ಷ 2029ಕ್ಕೇ ಮುಗಿಯುತ್ತದೆ, ಓದು ಮುಗಿಸಿ ಒಪಿಟಿಯಲ್ಲಿ 2030ರವರೆಗೆ ಕೆಲಸ ಮಾಡಿದರೆ ಆ ವರ್ಷದ ಸಂಬಳಕ್ಕೆ ಈ ಕಡಿತ ಬೀಳುತ್ತದೆ. ಓರಿಯಂಟೇಶನ್ ಜನವರಿ ಎರಡನೆಯ ವಾರದಲ್ಲಿದ್ದರೆ ಜನವರಿ 2 ಅಥವಾ 3ಕ್ಕೆ ಇಳಿಯುವ ಟಿಕೆಟ್ ನೋಡಿ. ದಪ್ಪ ಕೋಟನ್ನು ಮೈಸೂರಿನಲ್ಲಿ ಕೊಳ್ಳಬೇಡಿ. ಕ್ರಿಸ್‌ಮಸ್ ಕಳೆದ ಮೇಲೆ ಅಲ್ಲಿ ಚಳಿಗಾಲದ ಬಟ್ಟೆಗೆ ರಿಯಾಯಿತಿ ಇರುತ್ತದೆ. ವಿಮಾನ ನಿಲ್ದಾಣದಿಂದ ಕೋಣೆಯವರೆಗೆ ಒಂದು ಸ್ವೆಟರ್, ಟೋಪಿ, ಮುಚ್ಚಿದ ಶೂ ಸಾಕು.